ಹಳೆ ಕಾಯಿಲೆ ಇರುವವರಿಗೆ ಆರೋಗ್ಯ ವಿಮೆ: ಗಡಿನಾಡ ಸದಸ್ಯರು ತಿಳಿದಿರಬೇಕಾದ ವಿಷಯಗಳು



ಸಕ್ಕರೆ ಕಾಯಿಲೆ, ಬಿ.ಪಿ., ಹೃದ್ರೋಗ, ಕಿಡ್ನಿ ತೊಂದರೆ ಇರುವವರು ವಿಮೆ ಮಾಡಿಸಬಹುದೇ, ಮಾಡಿಸಿದರೆ ಸಮಯಕ್ಕೆ ಹಣ ಸಿಗುತ್ತದೆಯೇ ಎಂದು ಹಲವು ಸದಸ್ಯರು ಕೇಳುತ್ತಾರೆ. ನಮಗೆ ಇನ್ನೊಂದು ತೊಡಕೂ ಇದೆ. ಪಡಿತರ ಚೀಟಿ ಒಂದು ರಾಜ್ಯದ್ದು, ಹೋಗುವ ಆಸ್ಪತ್ರೆ ಇನ್ನೊಂದು ರಾಜ್ಯದ್ದು. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ರಾಯದುರ್ಗದವರು ಬಳ್ಳಾರಿಗೆ ಹೋಗುವುದು ರೂಢಿ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಆದ್ದರಿಂದ ವಿಷಯವನ್ನು ಕ್ರಮವಾಗಿ ಇಲ್ಲಿ ಕೊಟ್ಟಿದೆ.

ಪ್ರೀಮಿಯಂ ಏಕೆ ಹೆಚ್ಚು?

ಹಲವರು ಕಟ್ಟಿದ ಹಣದಲ್ಲಿ ಕಾಯಿಲೆ ಬಿದ್ದ ಕೆಲವರ ಖರ್ಚು ನಡೆಯುವುದೇ ವಿಮೆ. ಕಾಯಿಲೆ ಇದ್ದವರಷ್ಟೇ ಸೇರಿದರೆ ನಿಧಿ ಉಳಿಯದು ಎಂಬುದು ಕಂಪನಿಗಳ ವಾದ. ಅದಕ್ಕಾಗಿ ಹೆಚ್ಚುವರಿ ಪ್ರೀಮಿಯಂ, ಕಾಯುವ ಅವಧಿ, ಕೆಲವೊಮ್ಮೆ ಅರ್ಜಿಯ ನಿರಾಕರಣೆ. ವಾದದಲ್ಲಿ ಲೆಕ್ಕ ಸರಿಯಿರಬಹುದು, ನ್ಯಾಯ ಕಡಿಮೆ. ಯಾರಿಗೆ ವಿಮೆ ಹೆಚ್ಚು ಬೇಕೋ ಅವರಿಗೇ ಅದು ದುಬಾರಿ. ಅಮೆರಿಕದಲ್ಲಿ 2014ರಿಂದ ಹಳೆ ಕಾಯಿಲೆಯ ಕಾರಣಕ್ಕೆ ಪಾಲಿಸಿ ನಿರಾಕರಿಸುವಂತಿಲ್ಲ, ಹೆಚ್ಚು ಹಣ ಕೇಳುವಂತೆಯೂ ಇಲ್ಲ. ನಮ್ಮಲ್ಲಿ ಅಷ್ಟು ರಕ್ಷಣೆ ಇಲ್ಲ. ಆದರೂ ಇತ್ತೀಚೆಗೆ ಕೆಲವು ನಿಯಮಗಳು ನಮ್ಮ ಪರವಾಗಿ ಬದಲಾಗಿವೆ.

ಈಗಿನ ನಿಯಮಗಳು

1. ಹಳೆ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. 2024ರ ಏಪ್ರಿಲ್‌ವರೆಗೆ 48 ತಿಂಗಳಿತ್ತು.
2. ಪಾಲಿಸಿ ಸತತ 60 ತಿಂಗಳು ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಕಾಯಿಲೆ ತಿಳಿಸಲಿಲ್ಲ ಎಂದು ಕ್ಲೇಮು ತಿರಸ್ಕರಿಸುವಂತಿಲ್ಲ.
3. ಹಿಂದಿನ ವರ್ಷ ಕ್ಲೇಮು ಮಾಡಿದ್ದೀರಿ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ.
4. 2025ರ ಜನವರಿಯ ಆದೇಶದಂತೆ, ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದೊಡನೆ ಸಮಾಲೋಚಿಸಬೇಕು.
5. ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ.

"ಶುಗರ್ ಇದೆ ಅಂತ ಬರೆಯಬೇಡಿ, ಐದು ವರ್ಷ ಕಳೆದರೆ ಆಯಿತು" ಎನ್ನುವ ಏಜೆಂಟರ ಮಾತು ನಂಬಬೇಡಿ. ಆ ಐದು ವರ್ಷದೊಳಗೇ ಆಸ್ಪತ್ರೆ ಸೇರಿದರೆ ಹಣವೂ ಇಲ್ಲ, ಪಾಲಿಸಿಯೂ ಇಲ್ಲ. ಅರ್ಜಿಯಲ್ಲಿ ಕಾಯಿಲೆ, ಮಾತ್ರೆ, ಆಪರೇಷನ್ ಎಲ್ಲವನ್ನೂ ಬರೆಸಿ, ಭರ್ತಿ ಮಾಡಿದ ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ "ಎಷ್ಟು ವರ್ಷದಿಂದ ಶುಗರ್?" ಎಂದಾಗ ಅಂದಾಜಿಗೆ ಹತ್ತು ವರ್ಷ ಎನ್ನಬೇಡಿ. ಅದು ಕೇಸ್ ಶೀಟಿಗೆ ಹೋಗುತ್ತದೆ, ಮುಂದೆ ನಿಮಗೇ ತಿರುಗುತ್ತದೆ. ಮೊದಲ ರಿಪೋರ್ಟಿನ ದಿನಾಂಕ ನೋಡಿ ಹೇಳಿ.

ಕೊಠಡಿ ಬಾಡಿಗೆಯ ಮಿತಿಯನ್ನೂ ನೋಡಿ. ಮಿತಿ ದಿನಕ್ಕೆ 3,000 ರೂ. ಇದ್ದು 6,000 ರೂ. ಕೊಠಡಿ ಹಿಡಿದರೆ, ಅನೇಕ ಪಾಲಿಸಿಗಳಲ್ಲಿ ಡಾಕ್ಟರ ಫೀಸು, ಆಪರೇಷನ್ ಖರ್ಚೂ ಅರ್ಧಕ್ಕೆ ಇಳಿಯುತ್ತದೆ.

ಸರ್ಕಾರಿ ಯೋಜನೆಗಳು

ಕರ್ನಾಟಕದ ಆರೋಗ್ಯ ಕರ್ನಾಟಕ ಯೋಜನೆ ಆ ರಾಜ್ಯದ ನಿವಾಸಿಗಳಿಗೆ. ಕನ್ನಡಿಗರೆಂಬ ಕಾರಣಕ್ಕೆ ನಮಗೆ ಸಿಗುವುದಿಲ್ಲ. ನಾವು ವಾಸಿಸುವ ರಾಜ್ಯದ ಯೋಜನೆಗೇ ಹೆಸರು ಸೇರಿಸಬೇಕು: ಕೇರಳದಲ್ಲಿ ಕಾರುಣ್ಯ ಆರೋಗ್ಯ ಸುರಕ್ಷಾ, ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ, ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ, ಆಂಧ್ರದಲ್ಲಿ ಎನ್‌ಟಿಆರ್ ವೈದ್ಯ ಸೇವೆ, ತೆಲಂಗಾಣದಲ್ಲಿ ಆರೋಗ್ಯಶ್ರೀ, ಗೋವಾದಲ್ಲಿ ದೀನ್ ದಯಾಳ್ ಸ್ವಾಸ್ಥ್ಯ ಸೇವಾ.

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಹಳೆ ಕಾಯಿಲೆಗೆ ಕಾಯುವ ಅವಧಿ ಇಲ್ಲ, ಪ್ರೀಮಿಯಂ ಇಲ್ಲ. 2024ರ ಅಕ್ಟೋಬರಿನಲ್ಲಿ ಇದನ್ನು ಆದಾಯ ನೋಡದೆ 70 ದಾಟಿದವರಿಗೂ ವಿಸ್ತರಿಸಲಾಯಿತು. ಹೊರರಾಜ್ಯದಲ್ಲೂ ಬಳಸುವ ಅವಕಾಶ ಯೋಜನೆಯಲ್ಲಿದೆ. ಆದರೆ ನಿಮ್ಮ ಕಾರ್ಡು ಕೇಂದ್ರದ್ದೋ ರಾಜ್ಯದ್ದೋ, ಗಡಿ ದಾಟಿ ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೋ ಎಂದು 14555ಕ್ಕೆ ಕರೆ ಮಾಡಿ ಮೊದಲೇ ಖಚಿತಪಡಿಸಿಕೊಳ್ಳಿ. ಆಂಬುಲೆನ್ಸ್ ಹತ್ತಿದ ಮೇಲೆ ವಿಚಾರಿಸಲು ಸಮಯವಿರುವುದಿಲ್ಲ.

ವಿಮೆಗೆ ಬಾರದ ಖರ್ಚು

ಹಳೆ ಕಾಯಿಲೆಯವರನ್ನು ತಿಂಗಳು ತಿಂಗಳು ಹಿಂಡುವುದು ಮಾತ್ರೆ, ಇನ್ಸುಲಿನ್, ರಕ್ತ ಪರೀಕ್ಷೆ. ಸಾಮಾನ್ಯ ಪಾಲಿಸಿಗಳು ಆಸ್ಪತ್ರೆ ಸೇರಿದರಷ್ಟೇ ಹಣ ಕೊಡುತ್ತವೆ. ಇದಕ್ಕೆ ಜನೌಷಧಿ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳೇ ಆಸರೆ. ತಮಿಳುನಾಡಿನಲ್ಲಿ ಬಿ.ಪಿ., ಶುಗರ್ ಮಾತ್ರೆಯನ್ನು ಮನೆಗೇ ತಲುಪಿಸುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ಕೃಷ್ಣಗಿರಿ ಜಿಲ್ಲೆಯಲ್ಲೇ. ಹೊಸೂರು, ತಾಳವಾಡಿ ಕಡೆಯವರು ಇದನ್ನು ಬಳಸಿಕೊಳ್ಳಬೇಕು. ಬಡ ರೋಗಿಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಕಾರ್ಯಕ್ರಮವೂ 2016ರಿಂದ ಇದೆ.

ಕ್ಲೇಮು ತಿರಸ್ಕಾರವಾದರೆ

ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಚೇರಿಗಳು: ಕೇರಳದವರಿಗೆ ಕೊಚ್ಚಿ, ತಮಿಳುನಾಡಿನವರಿಗೆ ಚೆನ್ನೈ, ಆಂಧ್ರ ಮತ್ತು ತೆಲಂಗಾಣದವರಿಗೆ ಹೈದರಾಬಾದ್, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆ, ಗೋವಾದವರಿಗೆ ಮುಂಬಯಿ.

ಪಾಲಿಸಿ, ರಸೀದಿ, ಡಿಸ್ಚಾರ್ಜ್ ಚೀಟಿ, ಹಳೆ ರಿಪೋರ್ಟುಗಳನ್ನು ಒಂದೇ ಫೈಲಿನಲ್ಲಿಟ್ಟು, ಅದು ಎಲ್ಲಿದೆಯೆಂದು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿರಿ. ನವೀಕರಣದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ಕಂತು ತಪ್ಪಿ ಪಾಲಿಸಿ ಬಿದ್ದುಹೋದರೆ, ಕಾದ ವರ್ಷಗಳೆಲ್ಲ ವ್ಯರ್ಥ.

– ಕಾರ್ಯದರ್ಶಿ