ಫ್ಲಾಯ್ಡ್ ಕಾರ್ಡೋಜ್: ಸಮ್ಮಿಶ್ರ ಪಾಕಪರಂಪರೆ ಮತ್ತು ಉಪ್ಪಿಟ್ಟಿನ ಪಯಣ

ಜನಪದ ಗೀತೆ, ಕಥೆ, ಒಗಟು, ಗಾದೆಗಳ ಸಂಗ್ರಹಕ್ಕೆ ದೊರೆತಷ್ಟು ಅವಕಾಶ ನಮ್ಮ ಜಾನಪದ ಅಧ್ಯಯನದಲ್ಲಿ ಅಡುಗೆಗೆ ದೊರೆತಿಲ್ಲ. ಗ್ರಂಥಸ್ಥ ಪರಂಪರೆಯಲ್ಲಿ ಪಾಕಶಾಸ್ತ್ರಕ್ಕೆ ಹಳೆಯ ಸ್ಥಾನವೇ ಇದೆ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಹನ್ನೆರಡನೆಯ ಶತಮಾನದ ಚಾಳುಕ್ಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’, ಹದಿನಾರನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ ಇದಕ್ಕೆ ಸಾಕ್ಷಿ. ಆದರೆ ಈ ಗ್ರಂಥಗಳಲ್ಲಿ ಉಳಿದಿರುವುದು ರಚನಕಾರನ ಹೆಸರು. ಒಲೆಯ ಮುಂದೆ ಕುಳಿತವರ ಹೆಸರಲ್ಲ. ಆಧುನಿಕ ಕಾಲದಲ್ಲಿ ಬಾಣಸಿಗನೇ ಖ್ಯಾತಿಯ ಕೇಂದ್ರಕ್ಕೆ ಬಂದಿದ್ದಾನೆ. ಆಗಲೂ ಅವನ ಅಡುಗೆಯ ಮೂಲದಲ್ಲಿರುವ ಅನಾಮಧೇಯ ಜನಪದದ ಪ್ರಶ್ನೆ ಉಳಿದೇ ಇರುತ್ತದೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಅಮೆರಿಕದಲ್ಲಿ ಭಾರತೀಯ ಮೂಲದ ಸಮ್ಮಿಶ್ರ ಪಾಕಕ್ಕೆ ಮನ್ನಣೆ ತಂದ ಫ್ಲಾಯ್ಡ್ ಕಾರ್ಡೋಜ್ (1960–2020) ಅವರ ಜೀವನ ಮತ್ತು ವೃತ್ತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾರ್ಡೋಜ್ ಅವರು ಹುಟ್ಟಿದ್ದು ಮುಂಬಯಿಯಲ್ಲಿ, ಗೋವಾ ಮೂಲದ ಕ್ಯಾಥೊಲಿಕ್ ಕುಟುಂಬದಲ್ಲಿ. ಗೋವೆಯ ಅಡುಗೆಮನೆ ತಾನೇ ಒಂದು ದೊಡ್ಡ ಬೆಸುಗೆಯ ಫಲ ಎಂಬುದನ್ನು ಇಲ್ಲಿ ಗಮನಿಸಬೇಕು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಹಡಗುಗಳ ಮೂಲಕ ಮೆಣಸಿನಕಾಯಿ, ಗೋಡಂಬಿ ಮೊದಲಾದ ಅಮೆರಿಕ ಖಂಡದ ಬೆಳೆಗಳು ಪಶ್ಚಿಮ ಕರಾವಳಿಗೆ ಬಂದವು. ‘ಪಾಂವ್’ ಎಂಬ ಬ್ರೆಡ್ಡಿನ ಹೆಸರೂ, ‘ವಿಂದಾಲೂ’ ಎಂಬ ಮಾಂಸದ ಪದಾರ್ಥದ ಹೆಸರೂ ಪೋರ್ಚುಗೀಸ್ ಮೂಲದವು. ನಮ್ಮ ದಕ್ಷಿಣ ಕನ್ನಡದ ಕೊಂಕಣಿ ಕ್ಯಾಥೊಲಿಕರ ಅಡುಗೆಯಲ್ಲಿಯೂ ಇದೇ ಇತಿಹಾಸದ ಪದರುಗಳನ್ನು ಗುರುತಿಸಬಹುದು. ಆದ್ದರಿಂದ ಕಾರ್ಡೋಜ್ ಅವರು ‘ಶುದ್ಧ’ ಭಾರತೀಯ ಅಡುಗೆಯನ್ನು ಪರದೇಶದಲ್ಲಿ ಬೆರಕೆ ಮಾಡಿದರೆಂಬ ಮಾತು ಚಾರಿತ್ರಿಕವಾಗಿ ನಿಲ್ಲುವುದಿಲ್ಲ. ಅವರು ಬೆರಕೆಯ ನಡುವೆಯೇ ಬೆಳೆದವರು.

ಅವರು ಮೊದಲು ಓದಿದ್ದು ಜೀವರಸಾಯನಶಾಸ್ತ್ರ. ಆರ್ಥರ್ ಹೇಲಿಯ ‘ಹೋಟೆಲ್’ ಕಾದಂಬರಿಯ ಓದು ಅವರ ಒಲವನ್ನು ಹೋಟೆಲ್ ವೃತ್ತಿಯತ್ತ ತಿರುಗಿಸಿತು. ಮುಂಬಯಿಯಲ್ಲಿ ಹಾಗೂ ಸ್ವಿಟ್ಜರ್ಲೆಂಡಿನಲ್ಲಿ ಶಿಕ್ಷಣ ಪಡೆದು ಅವರು ನ್ಯೂಯಾರ್ಕ್ ನಗರಕ್ಕೆ ತೆರಳಿದರು. ಅಲ್ಲಿ ಅವರಿಗೆ ದೊರೆತ ಗುರು ಗ್ರೇ ಕುಂಜ್. ಸಿಂಗಪುರದಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡಿನಲ್ಲಿ ಪಳಗಿ, ಹಾಂಗ್‌ಕಾಂಗಿನಲ್ಲಿ ದುಡಿದಿದ್ದ ಕುಂಜ್ ಅವರು ‘ಲೆಸ್ಪಿನಾಸ್’ ಎಂಬ ಪ್ರತಿಷ್ಠಿತ ಭೋಜನಶಾಲೆಯ ಮುಖ್ಯ ಬಾಣಸಿಗರಾಗಿದ್ದರು. ಫ್ರೆಂಚ್ ಪದ್ಧತಿಯ ಅಡುಗೆಯಲ್ಲಿ ಏಷ್ಯಾದ ಸಾಂಬಾರ ಪದಾರ್ಥಗಳಿಗೆ ಸ್ಥಾನವುಂಟೆಂಬುದನ್ನು ಕಾರ್ಡೋಜ್ ಕಂಡುಕೊಂಡದ್ದು ಈ ಅಡುಗೆಮನೆಯಲ್ಲಿ. ಹಾಡುಗಾರಿಕೆಯಲ್ಲಿ ಗುರುಪರಂಪರೆಯನ್ನು ಗುರುತಿಸುವ ನಾವು ಪಾಕದಲ್ಲಿಯೂ ಅದನ್ನು ಗುರುತಿಸುವುದು ಉಚಿತ.

ಅಮೆರಿಕದಲ್ಲಿ ‘ಫ್ಯೂಷನ್’ ಅಡುಗೆಯ ಹವಾ ಆಗಲೇ ಬೀಸಿತ್ತು. 1983ರಲ್ಲಿ ವುಲ್ಫ್‌ಗ್ಯಾಂಗ್ ಪಕ್ ಅವರು ಕ್ಯಾಲಿಫೋರ್ನಿಯದಲ್ಲಿ ಚೀನೀ ಮತ್ತು ಫ್ರೆಂಚ್ ಪದ್ಧತಿಗಳನ್ನು ಬೆಸೆದ ಭೋಜನಶಾಲೆಯನ್ನು ಆರಂಭಿಸಿದ್ದರು. ಜಪಾನ್ ಮತ್ತು ಪೆರು ದೇಶಗಳ ರುಚಿಗಳನ್ನು ಕೂಡಿಸಿದ ನೊಬು ಮತ್ಸುಹಿಸಾ ಹೆಸರು ಮಾಡಿದ್ದರು. ಭಾರತದ ಅಡುಗೆಗೆ ಮಾತ್ರ ಈ ಪಂಕ್ತಿಯಲ್ಲಿ ಎಲೆ ಬಿದ್ದಿರಲಿಲ್ಲ. ಅದು ಅಗ್ಗದ, ಅತಿ ಖಾರದ, ಎಲ್ಲವೂ ಒಂದೇ ‘ಕರಿ’ ಎಂಬ ಗ್ರಹಿಕೆ ಅಲ್ಲಿನ ಜನರಲ್ಲಿ ವ್ಯಾಪಕವಾಗಿತ್ತು.

ಈ ಸನ್ನಿವೇಶದಲ್ಲಿ, 1998ರಲ್ಲಿ, ಉದ್ಯಮಿ ಡ್ಯಾನಿ ಮೇಯರ್ ಅವರ ಸಹಯೋಗದಲ್ಲಿ ‘ತಬಲಾ’ ಎಂಬ ಭೋಜನಶಾಲೆ ಮ್ಯಾನ್‌ಹಟನ್ನಿನ ಮ್ಯಾಡಿಸನ್ ಉದ್ಯಾನದ ಎದುರು ತೆರೆಯಿತು. ಅಮೆರಿಕದ ಋತುಮಾನದ ತರಕಾರಿ, ಮೀನು, ಮಾಂಸಗಳಿಗೆ ಭಾರತೀಯ ಸಾಂಬಾರದ ಸಂಸ್ಕಾರ ಕೊಡುವುದು ಅದರ ಸೂತ್ರ. ಮೇಲಂತಸ್ತಿನಲ್ಲಿ ವಿಧ್ಯುಕ್ತ ಭೋಜನ. ಕೆಳಗೆ ತಂದೂರಿ ಒಲೆಯ ರೊಟ್ಟಿಗಳ ‘ಬ್ರೆಡ್ ಬಾರ್’. 1999ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಿಮರ್ಶಕಿ ರೂತ್ ರೈಷಲ್ ಇದಕ್ಕೆ ಮೂರು ನಕ್ಷತ್ರಗಳ ಮನ್ನಣೆ ನೀಡಿದರು. ಆದರೆ ‘ತಬಲಾ’ದ ಈ ಘಟ್ಟದಲ್ಲಿ ಭಾರತವು ಅತಿಥಿಯಾಗಿತ್ತೇ ಹೊರತು ಮನೆಯೊಡೆಯನಾಗಿರಲಿಲ್ಲ. ಅದು ಸಾಂಬಾರದ ರೂಪದಲ್ಲಿ ಅಮೆರಿಕದ ತಟ್ಟೆಯನ್ನು ಪ್ರವೇಶಿಸಿತ್ತು. ಆರ್ಥಿಕ ಹಿಂಜರಿತದ ದಿನಗಳಲ್ಲಿ ಅಷ್ಟು ವಿಶಾಲವಾದ ಭೋಜನಶಾಲೆಯನ್ನು ನಡೆಸುವುದು ಕಷ್ಟವಾಗಿ 2010ರ ಡಿಸೆಂಬರಿನಲ್ಲಿ ‘ತಬಲಾ’ ಮುಚ್ಚಿತು.

ಮರುವರ್ಷವೇ ನಡೆದ ಘಟನೆಯೊಂದು ಕನ್ನಡದ ಜಾನಪದ ವಿದ್ಯಾರ್ಥಿಗಳಿಗೆ ವಿಶೇಷ ಮುಖ್ಯವಾದುದು. 2011ರ ‘ಟಾಪ್ ಷೆಫ್ ಮಾಸ್ಟರ್ಸ್’ ಎಂಬ ದೂರದರ್ಶನ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ, ಆಹಾರದ ನೆನಪನ್ನು ಆಧರಿಸಿದ ಪದಾರ್ಥವಾಗಿ ಕಾರ್ಡೋಜ್ ಅವರು ಬಡಿಸಿದ್ದು ಉಪ್ಪಿಟ್ಟನ್ನು. ಕಾಡಿನ ಅಣಬೆಗಳು ಅದರ ಜೊತೆಗಿದ್ದವು. ತೀರ್ಪುಗಾರರಿಗೆ ತಿಳಿಯಲೆಂದು ಅದಕ್ಕೆ ಇಟಲಿಯ ಮೆಕ್ಕೆಜೋಳದ ಗಂಜಿಯಾದ ‘ಪೊಲೆಂಟಾ’ದ ಹೆಸರನ್ನೂ ಜೋಡಿಸಲಾಗಿತ್ತು. ಅವರು ವಿಜೇತರಾದರು. ಬಹುಮಾನವಾಗಿ ಬಂದ ಒಂದು ಲಕ್ಷ ಡಾಲರ್ ಕ್ಯಾನ್ಸರ್ ಸಂಶೋಧನಾ ನಿಧಿಗೆ ಸಂದಿತು.

ಉಪ್ಪಿಟ್ಟು ನಮ್ಮಲ್ಲಿ ಎಂಥ ತಿಂಡಿ? ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೇಸರಿಬಾತಿನ ಜೊತೆ ತಪ್ಪದೆ ಬರುವುದು ಅದು. ಅಕಾಲದಲ್ಲಿ ನೆಂಟರು ಬಂದರೆ ಗೃಹಿಣಿಯ ಮಾನ ಕಾಯುವುದೂ ಅದೇ. ಹುಡುಗರು ‘ಕಾಂಕ್ರೀಟು’ ಎಂದು ಹಂಗಿಸುವುದೂ ಅದನ್ನೇ. ಕ್ಷೇತ್ರಕಾರ್ಯದ ಸಂದರ್ಭಗಳಲ್ಲಿ ನಾನು ಉಂಡ ಉಪ್ಪಿಟ್ಟುಗಳಲ್ಲಿ ಬನ್ಸಿ ರವೆಯದು, ಅಕ್ಕಿತರಿಯದು, ನವಣೆಯದು, ಶಾವಿಗೆಯದು ಹೀಗೆ ಹಲವು ಪಾಠಗಳಿದ್ದವು. ಒಂದೊಂದು ಮನೆಯ ಒಗ್ಗರಣೆಯೂ ಬೇರೆ. ಯಾವ ಮನೆಯಲ್ಲಿಯೂ ಅಳತೆಯ ಪಾತ್ರೆ ಇರಲಿಲ್ಲ, ‘ಕೈಯಳತೆ’ಯೇ ಪ್ರಮಾಣ. ‘ಇದನ್ನು ಯಾರಿಂದ ಕಲಿತಿರಿ?’ ಎಂದು ಕೇಳಿದಾಗ ‘ಕಲಿಯೋದೇನು ಬಂತು, ನಮ್ಮವ್ವ ಮಾಡೋಳು’ ಎಂಬ ಬಗೆಯ ಉತ್ತರವೇ ಬಂದಿದೆ. ಜನಪದ ಗೀತೆಯ ವಕ್ತೃಗಳು ಹೇಳುವ ಮಾತಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಸ್ವೀಡನ್ನಿನ ಜಾನಪದ ವಿದ್ವಾಂಸ ಸಿ. ಡಬ್ಲ್ಯೂ. ಫಾನ್ ಸಿಡೋ ಅವರು ಕಥೆಗಳನ್ನು ಕುರಿತು ಹೇಳಿದ ತತ್ತ್ವವೊಂದನ್ನು ಇಲ್ಲಿಗೆ ಅನ್ವಯಿಸಬಹುದು. ಸಸ್ಯವೊಂದು ಹೊಸ ನೆಲದಲ್ಲಿ ಬೇರೂರುವಾಗ ಅಲ್ಲಿನ ಹವೆಗೆ ಹೊಂದಿಕೊಂಡು ಬೇರೆಯೇ ರೂಪ ತಾಳುವಂತೆ, ಕಥೆಯೂ ಹೊಸ ಪರಿಸರಕ್ಕೆ ಒಗ್ಗಿ ಪ್ರಾದೇಶಿಕ ರೂಪ ಪಡೆಯುತ್ತದೆ ಎಂಬುದು ಅವರ ವಿಚಾರ. ಈ ದೃಷ್ಟಿಯಿಂದ ನೋಡಿದರೆ ಕಾರ್ಡೋಜ್ ಅವರ ಅಣಬೆಯ ಉಪ್ಪಿಟ್ಟು ಮೂಲದ ವಿಕೃತಿಯಲ್ಲ. ಅದು ಇನ್ನೊಂದು ಪಾಠ. ಆದರೆ ಹೋಲಿಕೆಗೆ ಒಂದು ಮಿತಿಯೂ ಇದೆ. ಕಥೆಯ ಪಾಠಾಂತರಕ್ಕೆ ಒಡೆಯನಿಲ್ಲ. ಬಾಣಸಿಗನ ಪಾಠಕ್ಕೆ ಹೆಸರಿದೆ, ಬೆಲೆಯಿದೆ, ಬಹುಮಾನವಿದೆ. ಈ ಅಂತರವನ್ನು ಮರೆಮಾಚಿದರೆ ನಮ್ಮ ಅಧ್ಯಯನ ಪ್ರಾಮಾಣಿಕವಾಗದು.

ಕಾರ್ಡೋಜ್ ಅವರ ಮುಂದಿನ ಬದುಕು ಈ ಅಂತರವನ್ನು ಕಡಿಮೆ ಮಾಡುವ ದಿಕ್ಕಿನಲ್ಲಿ ಸಾಗಿತು ಎಂಬುದು ನನ್ನ ವಾದ. 2015ರಲ್ಲಿ ಸಹಭಾಗಿಗಳೊಂದಿಗೆ ಅವರು ಮುಂಬಯಿಯಲ್ಲಿ ‘ದಿ ಬಾಂಬೆ ಕ್ಯಾಂಟೀನ್’ ಆರಂಭಿಸಿದರು. ಭಾರತದ ಪ್ರಾದೇಶಿಕ ಅಡುಗೆಗಳನ್ನೂ ಸ್ಥಳೀಯ ತರಕಾರಿ, ಧಾನ್ಯಗಳನ್ನೂ ಪ್ರತಿಷ್ಠಿತ ಮೇಜಿಗೆ ತರುವುದು ಅದರ ಧ್ಯೇಯ. 2017ರಲ್ಲಿ ಗೋವೆಯ ರುಚಿಗಳಿಗೆ ಮೀಸಲಾದ ‘ಓ ಪೆದ್ರೊ’ ಬಂದಿತು. ನ್ಯೂಯಾರ್ಕಿನಲ್ಲಿ 2016ರಲ್ಲಿ ತೆರೆದ ಭೋಜನಶಾಲೆಗೆ ಅವರು ಇಟ್ಟ ಹೆಸರು ‘ಪಾಂವ್‌ವಾಲಾ’, ಎಂದರೆ ಪಾಂವ್ ಮಾರುವವನು. ‘ತಬಲಾ’ ಎಂಬುದು ಪರದೇಶದವರಿಗೆ ಪರಿಚಿತವಾದ ಶಾಸ್ತ್ರೀಯ ವಾದ್ಯದ ಹೆಸರು. ‘ಪಾಂವ್‌ವಾಲಾ’ ಎಂಬುದು ಬೀದಿಯ ಸಾಮಾನ್ಯ ಮನುಷ್ಯನ ಹೆಸರು. ಹದಿನೆಂಟು ವರ್ಷಗಳ ಈ ನಡೆಯಲ್ಲಿ ಭಾರತದ ಅಡುಗೆ ಅತಿಥಿಯ ಪೀಠ ಬಿಟ್ಟು ತನ್ನ ಹೆಸರಿನಲ್ಲಿಯೇ ನಿಂತಿತು. ‘ಪಾಂವ್‌ವಾಲಾ’ ಮುಂದೆ ‘ಬಾಂಬೆ ಬ್ರೆಡ್ ಬಾರ್’ ಆಗಿ 2019ರಲ್ಲಿ ಮುಚ್ಚಿತು. ವ್ಯಾಪಾರದ ಲೆಕ್ಕದಲ್ಲಿ ಇದು ಸೋಲು. ಸಂಸ್ಕೃತಿಯ ಚರಿತ್ರೆಯಲ್ಲಿ ಹಾಗೆನ್ನಲಾಗದು.

2020ರ ಮಾರ್ಚ್ ತಿಂಗಳ ಆರಂಭದಲ್ಲಿ ಕಾರ್ಡೋಜ್ ಅವರು ಮುಂಬಯಿಯಲ್ಲಿದ್ದರು. ‘ಬಾಂಬೆ ಕ್ಯಾಂಟೀನ್’ಗೆ ಐದು ವರ್ಷ ತುಂಬಿದ ಸಂಭ್ರಮ ಅದಾಗಿತ್ತು. ಅಮೆರಿಕಕ್ಕೆ ಹಿಂತಿರುಗಿದ ಮೇಲೆ ಅವರು ಆಸ್ಪತ್ರೆ ಸೇರಿದರು. ಮಾರ್ಚ್ 25ರಂದು ಕೋವಿಡ್ ಸೋಂಕಿನಿಂದ ನ್ಯೂಜೆರ್ಸಿಯಲ್ಲಿ ನಿಧನರಾದಾಗ ಅವರಿಗೆ ಐವತ್ತೊಂಬತ್ತು ವರ್ಷ. ಅವರ ಗುರು ಕುಂಜ್ ಅವರು ಅದೇ ತಿಂಗಳ 5ರಂದು ತೀರಿಕೊಂಡಿದ್ದರು. ಭಾರತದಲ್ಲಿ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದದ್ದೂ ಮಾರ್ಚ್ 25ರಂದೇ. ಹೋಟೆಲುಗಳ ಒಲೆಗಳು ಆರಿದವು. ಅಲ್ಲಿ ದುಡಿಯುತ್ತಿದ್ದ ಅಸಂಖ್ಯಾತ ಕೈಗಳು ಊರಿನ ದಾರಿ ಹಿಡಿದವು. ಒಬ್ಬ ಪ್ರಖ್ಯಾತ ಬಾಣಸಿಗನ ಸಾವು ಪತ್ರಿಕೆಗಳಲ್ಲಿ ದಾಖಲಾಯಿತು. ಆ ಕೈಗಳ ಹೆಸರುಗಳು ದಾಖಲಾಗಲಿಲ್ಲ.

ಒಟ್ಟಿನಲ್ಲಿ, ಕಾರ್ಡೋಜ್ ಅವರ ಜೀವನವು ಜನಪದ ಅಡುಗೆಯ ಪ್ರಸರಣಕ್ಕೆ ಒಂದು ಸ್ಪಷ್ಟ ನಿದರ್ಶನ. ಮನೆಯ ತಿಂಡಿಯೊಂದು ಜಾಗತಿಕ ವೇದಿಕೆಗೆ ಏರಬಲ್ಲುದು ಎಂಬುದನ್ನು ಅವರು ತೋರಿಸಿದರು. ಉಳಿದ ಕೆಲಸ ನಮ್ಮದು. ನ್ಯೂಯಾರ್ಕಿನ ಉಪ್ಪಿಟ್ಟಿನ ವಿವರ ಇಂದು ಯಾರಿಗೂ ದೊರೆಯುತ್ತದೆ. ನಮ್ಮ ಒಂದೊಂದು ಜಿಲ್ಲೆಯ ಉಪ್ಪಿಟ್ಟಿನ ಪಾಠಗಳನ್ನು, ಅವುಗಳನ್ನು ಮಾಡುವವರ ಹೆಸರು, ಊರು, ವಯಸ್ಸುಗಳ ಸಮೇತ, ಗೀತೆಯನ್ನು ದಾಖಲಿಸುವಷ್ಟೇ ಶಿಸ್ತಿನಿಂದ ಸಂಗ್ರಹಿಸುವ ಕಾರ್ಯ ಇನ್ನೂ ವ್ಯಾಪಕವಾಗಿ ನಡೆಯಬೇಕಾಗಿದೆ. ಕೈಯಳತೆ ಬಲ್ಲ ಹಿರಿಯ ತಲೆಮಾರು ನಮ್ಮೊಡನೆ ಇರುವಾಗಲೇ ಅದು ಆಗಬೇಕು.