ಏನಿದು ಎಸಿಸಿ ಟೂರ್ನಿ? ಅಮೆರಿಕದ ಕಾಲೇಜು ಹುಡುಗಿಯರ ಫುಟ್‌ಬಾಲ್‌ನಲ್ಲಿ ಕಪ್ ಸೋತವರೇ ದೇಶದ ಚಾಂಪಿಯನ್ ಆಗೋದು ಹೇಗೆ?

2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಲೇಜು ಮಹಿಳಾ ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್ ನಡೆಯಿತು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡ ವೇಕ್ ಫಾರೆಸ್ಟ್ ತಂಡವನ್ನು 1-0 ಗೋಲಿನಿಂದ ಸೋಲಿಸಿ ಚಾಂಪಿಯನ್ ಆಯಿತು. ಎರಡೂ 'ಎಸಿಸಿ' ಅನ್ನೋ ಒಂದೇ ಗುಂಪಿನ ತಂಡಗಳು. ವಿಶೇಷ ಏನಂದ್ರೆ, ಅದಕ್ಕೂ ಒಂದು ತಿಂಗಳ ಹಿಂದೆ ಇದೇ ಗುಂಪಿನ ಟೂರ್ನಿ ನಡೆದಾಗ ಕಪ್ ಈ ಇಬ್ಬರಿಗೂ ಸಿಕ್ಕಿರಲಿಲ್ಲ. ಅದನ್ನು ಗೆದ್ದಿದ್ದು ಫ್ಲೋರಿಡಾ ಸ್ಟೇಟ್.

ತಮ್ಮ ಗುಂಪಿನ ಕಪ್ಪೇ ಗೆಲ್ಲದವರು ಇಡೀ ದೇಶದ ಕಪ್ ಗೆದ್ದಿದ್ದು ಹೇಗೆ? ಹಾಗಾದ್ರೆ ಆ ಗುಂಪಿನ ಟೂರ್ನಿ ಯಾಕೆ ಬೇಕು? ಇದಕ್ಕೆ ಉತ್ತರ ಸಿಗಬೇಕಾದರೆ ಅಲ್ಲಿನ ಪದ್ಧತಿ ಮೊದಲು ತಿಳಿಯಬೇಕು.

ಕಾನ್ಫರೆನ್ಸ್ ಅಂದ್ರೆ ಸಭೆ ಅಲ್ಲ

ಅಮೆರಿಕದಲ್ಲಿ ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕಿಕೊಂಡು ಆಡುವ ಬೇರೆಯೇ ಆಟ. ನಾವು ಆಡುವ ಫುಟ್‌ಬಾಲನ್ನು ಅಲ್ಲಿ ಸಾಕರ್ ಅಂತಾರೆ. ಈ ಲೇಖನದಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮದೇ ಆಟ.

ನಮ್ಮಲ್ಲಿ ಬೇರೆ ಬೇರೆ ಕಾಲೇಜುಗಳಿಂದ ಆಟಗಾರರನ್ನು ಆರಿಸಿ ವಿಶ್ವವಿದ್ಯಾಲಯಕ್ಕೆ ಒಂದು ತಂಡ ಕಟ್ತಾರೆ. ಆ ತಂಡ ವಲಯ ಮಟ್ಟದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತೆ. ಅಮೆರಿಕದಲ್ಲಿ ಹಾಗಲ್ಲ. ಒಂದಷ್ಟು ವಿಶ್ವವಿದ್ಯಾಲಯಗಳು ಸೇರಿ ಕಾಯಂ ಆಗಿ ಒಂದು ಕೂಟ ಮಾಡಿಕೊಂಡಿರುತ್ತವೆ. ವರ್ಷವರ್ಷವೂ ಅದರೊಳಗೇ ಲೀಗ್ ಆಡ್ತವೆ. ಈ ಕೂಟಕ್ಕೆ ಕಾನ್ಫರೆನ್ಸ್ ಅಂತ ಹೆಸರು. ಎಲ್ಲಾ ಕಾನ್ಫರೆನ್ಸ್‌ಗಳ ಮೇಲೆ ಎನ್‌ಸಿಎಎ ಅನ್ನೋ ರಾಷ್ಟ್ರೀಯ ಸಂಸ್ಥೆ ಇದೆ. ದೇಶದ ಚಾಂಪಿಯನ್‌ಷಿಪ್ ನಡೆಸೋದು ಅದೇ.

ಎಸಿಸಿ ಅಂದ್ರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್. ಶುರುವಾಗಿದ್ದು 1953ರಲ್ಲಿ. ಹೆಸರೇ ಹೇಳುವ ಹಾಗೆ ಇದು ಅಮೆರಿಕದ ಪೂರ್ವ ಕರಾವಳಿಯ ಕೂಟ. ಆದರೆ 2024ರಲ್ಲಿ ಪಶ್ಚಿಮ ಕರಾವಳಿಯ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ (ಬರ್ಕ್ಲಿ), ಟೆಕ್ಸಾಸ್ ರಾಜ್ಯದ ಸದರ್ನ್ ಮೆಥಡಿಸ್ಟ್ ಕೂಡ ಸೇರಿಕೊಂಡವು. ಹಾಗಾಗಿ ಸ್ಟ್ಯಾನ್‌ಫರ್ಡ್ ಹುಡುಗಿಯರು ಬಾಸ್ಟನ್‌ನಲ್ಲಿ ಲೀಗ್ ಪಂದ್ಯ ಆಡಬೇಕಾದ್ರೆ ಸುಮಾರು 4,300 ಕಿ.ಮೀ. ವಿಮಾನದಲ್ಲಿ ಹೋಗಬೇಕು. ಇವರೆಲ್ಲ ವಾರವಿಡೀ ತರಗತಿ, ಪರೀಕ್ಷೆ ಇರುವ ವಿದ್ಯಾರ್ಥಿನಿಯರು ಅನ್ನೋದು ಮರೆಯೋ ಹಾಗಿಲ್ಲ.

ಟೂರ್ನಿ ಹೇಗೆ ನಡೆಯುತ್ತೆ?

ಆಗಸ್ಟ್ ಮಧ್ಯದಲ್ಲಿ ಸೀಸನ್ ಶುರು. ಮೊದಲು ಹೊರಗಿನ ತಂಡಗಳ ಜೊತೆ ಪಂದ್ಯ, ಆಮೇಲೆ ಕಾನ್ಫರೆನ್ಸ್ ಲೀಗ್. 2024ರಲ್ಲಿ ಎಸಿಸಿಯಲ್ಲಿ 17 ಮಹಿಳಾ ತಂಡಗಳಿದ್ದವು. ಒಂದೊಂದು ತಂಡಕ್ಕೂ 10 ಲೀಗ್ ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವಷ್ಟು ಸಮಯ ಇರಲ್ಲ. ಗೆದ್ದರೆ 3 ಅಂಕ, ಡ್ರಾ ಆದರೆ 1.

ಇತ್ತೀಚಿನ ವರ್ಷಗಳಲ್ಲಿ ಅಂಕಪಟ್ಟಿಯ ಮೇಲಿನ 6 ತಂಡಗಳಿಗೆ ಮಾತ್ರ ಟೂರ್ನಿಗೆ ಪ್ರವೇಶ. ಉಳಿದವರು ಮನೆಗೆ. ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ ಹೋಗ್ತಾರೆ. ಮೂರನೆಯವರ ಜೊತೆ ಆರನೆಯವರು, ನಾಲ್ಕನೆಯವರ ಜೊತೆ ಐದನೆಯವರು ಆಡ್ತಾರೆ. ಈ ಪಂದ್ಯ ಮೇಲಿನ ಸ್ಥಾನದವರ ಕ್ಯಾಂಪಸ್ ಮೈದಾನದಲ್ಲೇ ನಡೆಯುತ್ತೆ. ಹಾಗಾಗಿ ಲೀಗ್‌ನಲ್ಲಿ ಒಂದು ಸ್ಥಾನ ಮೇಲೆ ಬಂದರೂ ಲಾಭ ಇದೆ. ಸ್ವಂತ ಊರು, ಸ್ವಂತ ಜನ, ಪ್ರಯಾಣದ ಸುಸ್ತಿಲ್ಲ.

ಸೆಮಿಫೈನಲ್ ಸಾಮಾನ್ಯವಾಗಿ ಗುರುವಾರ, ಫೈನಲ್ ಭಾನುವಾರ. ನವೆಂಬರ್ ಮೊದಲಾರ್ಧದಲ್ಲೇ ಎಲ್ಲ ಮುಗಿಯುತ್ತೆ. ಎಲ್ಲ ಪಂದ್ಯವೂ ನಾಕೌಟ್, ಸೋತವರು ಹೊರಗೆ.

ನಾರ್ತ್ ಕೆರೊಲಿನಾ ರಾಜ್ಯದ ಕೇರಿ ಪಟ್ಟಣದಲ್ಲಿರುವ ವೇಕ್‌ಮೆಡ್ ಸಾಕರ್ ಪಾರ್ಕ್ ಈ ಟೂರ್ನಿಯ ಕೊನೆಯ ಪಂದ್ಯಗಳಿಗೆ ಹೆಸರುವಾಸಿ. 2002ರಲ್ಲಿ ಶುರುವಾದ ಈ ಮೈದಾನದಲ್ಲಿ ಸುಮಾರು 10,000 ಜನ ಕೂರಬಹುದು. ರಾಷ್ಟ್ರೀಯ ಫೈನಲ್‌ಗಳೂ ಇಲ್ಲೇ ಹಲವು ಸಲ ನಡೆದಿವೆ. ಇಷ್ಟು ದೊಡ್ಡ ಪಂದ್ಯಗಳು ಇಂಥ ಪಟ್ಟಣಕ್ಕೆ ಬರೋದಕ್ಕೆ ಕಾರಣ, ಫುಟ್‌ಬಾಲ್‌ಗೆ ಅಂತಲೇ ಕಟ್ಟಿದ ಮೈದಾನ ಇರೋದು ಮತ್ತು ಎಸಿಸಿಯ ನಾಲ್ಕು ವಿಶ್ವವಿದ್ಯಾಲಯಗಳು ಅದೇ ರಾಜ್ಯದಲ್ಲಿರೋದು.

ಪಂದ್ಯ ಸಮ ಆದರೆ?

90 ನಿಮಿಷದ ಆಟ, 45 ನಿಮಿಷದ ಎರಡು ಭಾಗ. ನಾವು ಟಿವಿಯಲ್ಲಿ ನೋಡುವ ಪಂದ್ಯಗಳಲ್ಲಿ ಗಡಿಯಾರ ಮೇಲಕ್ಕೆ ಏರುತ್ತೆ. ಅಲ್ಲಿ ಕಾಲೇಜು ಪಂದ್ಯದಲ್ಲಿ 45ರಿಂದ ಸೊನ್ನೆಗೆ ಇಳಿಯುತ್ತೆ.

2022ರಿಂದ ಲೀಗ್ ಪಂದ್ಯಗಳಲ್ಲಿ ಹೆಚ್ಚುವರಿ ಸಮಯ ತೆಗೆದುಹಾಕಿದ್ದಾರೆ, ಸಮ ಆದ್ರೆ ಡ್ರಾ ಅಷ್ಟೇ. ಆದರೆ ಟೂರ್ನಿಯಲ್ಲಿ ಒಬ್ಬರು ಮುಂದೆ ಹೋಗಲೇಬೇಕಲ್ಲ? ಅದಕ್ಕೆ 10 ನಿಮಿಷದ ಎರಡು ಹೆಚ್ಚುವರಿ ಅವಧಿ ಪೂರ್ತಿ ಆಡಿಸ್ತಾರೆ. ಆಗಲೂ ಸಮ ಆದರೆ ಪೆನಾಲ್ಟಿ ಶೂಟೌಟ್.

ಇಲ್ಲೊಂದು ವಿಚಿತ್ರ ಇದೆ. ಶೂಟೌಟ್‌ನಲ್ಲಿ ತೀರ್ಮಾನವಾದ ಪಂದ್ಯ ದಾಖಲೆ ಪುಸ್ತಕದಲ್ಲಿ ಡ್ರಾ ಅಂತಲೇ ಸೇರುತ್ತೆ. 1988ರಲ್ಲಿ ಎಸಿಸಿಯ ಮೊಟ್ಟಮೊದಲ ಮಹಿಳಾ ಟೂರ್ನಿ ನಡೆದಾಗ ಆಗಿದ್ದು ಇದೇ. ಪೆನಾಲ್ಟಿಯಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ತಂಡ ನಾರ್ತ್ ಕೆರೊಲಿನಾವನ್ನು ಹಿಂದಿಕ್ಕಿ ಕಪ್ ಎತ್ತಿತು. (ಇವೆರಡೂ ಬೇರೆ ಬೇರೆ ವಿಶ್ವವಿದ್ಯಾಲಯಗಳು.) ಆದರೆ ಲೆಕ್ಕದಲ್ಲಿ ನಾರ್ತ್ ಕೆರೊಲಿನಾ ಸೋಲಲಿಲ್ಲ. 1986ರಿಂದ 1990ರವರೆಗೆ ಆ ತಂಡ ಸತತ 103 ಪಂದ್ಯ ಸೋಲದೆ ಆಡಿದ ದಾಖಲೆಯೊಳಗೆ ಈ ಪಂದ್ಯವೂ ಸೇರಿದೆ. ಅಷ್ಟೇ ಅಲ್ಲ, ಅದೇ ವರ್ಷದ ರಾಷ್ಟ್ರೀಯ ಫೈನಲ್‌ನಲ್ಲಿ ಇದೇ ಎರಡು ತಂಡ ಮತ್ತೆ ಎದುರಾದವು. ಈ ಸಲ ನಾರ್ತ್ ಕೆರೊಲಿನಾ 4-1ರಿಂದ ಗೆದ್ದಿತು. 2024ರಲ್ಲಿ ಆಗಿದ್ದು ಹೊಸ ಕಥೆ ಏನಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಕಪ್ ಸೋತರೂ ಬಾಗಿಲು ತೆರೆದಿರೋದು ಯಾಕೆ?

ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ 64 ತಂಡಗಳಿಗೆ ಅವಕಾಶ. ಅದರಲ್ಲಿ ಸುಮಾರು 30 ಸ್ಥಾನ ಕಾನ್ಫರೆನ್ಸ್ ಚಾಂಪಿಯನ್ನರಿಗೆ ಮೀಸಲು, ಒಂದು ಕಾನ್ಫರೆನ್ಸ್‌ಗೆ ಒಂದು ಸ್ಥಾನ. ಹೆಚ್ಚಿನ ಕಾನ್ಫರೆನ್ಸ್‌ಗಳಲ್ಲಿ ಚಾಂಪಿಯನ್ ಅಂದ್ರೆ ಟೂರ್ನಿ ಗೆದ್ದವರು, ಲೀಗ್‌ನಲ್ಲಿ ಮೊದಲು ಬಂದವರಲ್ಲ. ಮಿಕ್ಕ ಸ್ಥಾನಗಳನ್ನು ಎನ್‌ಸಿಎಎ ಆಯ್ಕೆ ಸಮಿತಿ ತುಂಬುತ್ತೆ. ಯಾರನ್ನು ಸೋಲಿಸಿದ್ದೀರಿ, ಎಂಥ ಬಲದ ತಂಡಗಳ ಜೊತೆ ಆಡಿದ್ದೀರಿ ಅನ್ನೋದು ಸಮಿತಿ ಮುಂದಿರುವ ಅಳತೆಗೋಲು.

ಎಸಿಸಿಯಂಥ ಬಲಿಷ್ಠ ಕೂಟದವರಿಗೆ ಇದು ಅನುಕೂಲ. ಲೀಗ್‌ನಲ್ಲೇ ದೊಡ್ಡ ದೊಡ್ಡ ತಂಡಗಳನ್ನು ಎದುರಿಸಿರೋದರಿಂದ ಟೂರ್ನಿ ಸೋತರೂ ಸಮಿತಿ ಕರೆಯುತ್ತೆ. 2024ರಲ್ಲಿ ರಾಷ್ಟ್ರೀಯ ಸೆಮಿಫೈನಲ್ ತಲುಪಿದ ನಾಲ್ಕೂ ತಂಡ ಎಸಿಸಿಯವೇ: ನಾರ್ತ್ ಕೆರೊಲಿನಾ, ಡ್ಯೂಕ್, ವೇಕ್ ಫಾರೆಸ್ಟ್, ಸ್ಟ್ಯಾನ್‌ಫರ್ಡ್. ಆ ನಾಲ್ಕರಲ್ಲಿ ಒಬ್ಬರೂ ಆ ವರ್ಷದ ಎಸಿಸಿ ಟೂರ್ನಿ ಚಾಂಪಿಯನ್ ಅಲ್ಲ.

ಚಿಕ್ಕ ಕಾನ್ಫರೆನ್ಸ್‌ಗಳ ಕಥೆಯೇ ಬೇರೆ. ಅಲ್ಲಿಂದ ಸಾಮಾನ್ಯವಾಗಿ ಒಂದೇ ತಂಡಕ್ಕೆ ಟಿಕೆಟ್, ಅದು ಟೂರ್ನಿ ಗೆದ್ದವರಿಗೆ. ಲೀಗ್‌ನಲ್ಲಿ ಎರಡು ತಿಂಗಳು ಬೆವರು ಸುರಿಸಿ ಮೊದಲ ಸ್ಥಾನಕ್ಕೆ ಬಂದಿದ್ದರೂ, ಟೂರ್ನಿಯಲ್ಲಿ ಒಂದು ಪೆನಾಲ್ಟಿ ಗೋಲುಗಂಬಕ್ಕೆ ಬಡಿದರೆ ಕಥೆ ಮುಗೀತು. ಅಂತಿಮ ವರ್ಷದ ಹುಡುಗಿಗೆ ಅದೇ ಕೊನೆಯ ಕಾಲೇಜು ಪಂದ್ಯ. ಕೋರ್ಸ್ ಮುಗಿದ ಮೇಲೂ ಆಟ ಮುಂದುವರಿಸಿ ವೃತ್ತಿಪರ ಕ್ಲಬ್ ಸೇರುವವರು ಕೆಲವೇ ಮಂದಿ.

ಇದು ಸರಿಯಾ ಅನ್ನೋ ಚರ್ಚೆ ಅಲ್ಲೂ ಇದೆ. ಲೀಗ್ ಗೆದ್ದವರೇ ಚಾಂಪಿಯನ್ ಆಗಲಿ ಅನ್ನೋದು ಒಂದು ವಾದ. ಪಶ್ಚಿಮದ ಪ್ಯಾಕ್-12 ಕಾನ್ಫರೆನ್ಸ್ ಹಾಗೇ ಮಾಡ್ತಿತ್ತು. ಮಹಿಳಾ ಫುಟ್‌ಬಾಲ್‌ಗೆ ಟೂರ್ನಿಯನ್ನೇ ಇಟ್ಟಿರಲಿಲ್ಲ. ಇನ್ನೊಂದು ವಾದ, ಕೊನೆಯವರೆಗೂ ಹೆಚ್ಚು ತಂಡಗಳಿಗೆ ಆಸೆ ಉಳಿಯಬೇಕು, ಜನರಿಗೂ ನೋಡೋಕೆ ರೋಚಕ ಪಂದ್ಯ ಬೇಕು ಅನ್ನೋದು. ಹಾರ್ವರ್ಡ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಬಹಳ ವರ್ಷ ಮೊದಲ ದಾರಿಯಲ್ಲಿದ್ದು, 2023ರಲ್ಲಿ ನಾಲ್ಕು ತಂಡಗಳ ಟೂರ್ನಿ ಶುರುಮಾಡಿತು.

ಇಬ್ಬರ ಆಳ್ವಿಕೆ

ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 'ಟೈಟಲ್ ನೈನ್' ಕಾನೂನು 1972ರಲ್ಲಿ ಬಂದ ಮೇಲೆ ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರ ತಂಡಗಳು ಬೆಳೆದವು. ನಾರ್ತ್ ಕೆರೊಲಿನಾದಲ್ಲಿ ಆನ್ಸನ್ ಡೊರಾನ್ಸ್ 1979ರಿಂದ ಮಹಿಳಾ ತಂಡ ಕಟ್ಟಿದರು, 2024ರ ಆಗಸ್ಟ್‌ನಲ್ಲಿ ನಿವೃತ್ತರಾದರು. ವಿಶ್ವಕಪ್ ವಿಜೇತೆ ಮಿಯಾ ಹ್ಯಾಮ್ ಇವರ ಶಿಷ್ಯೆ. ಈ ತಂಡ 1989ರಿಂದ 2003ರವರೆಗೆ ಸತತ 15 ವರ್ಷ ಎಸಿಸಿ ಟೂರ್ನಿಯನ್ನು ಬಿಟ್ಟುಕೊಡಲಿಲ್ಲ. 2011ರಿಂದ 2024ರವರೆಗೆ ಫ್ಲೋರಿಡಾ ಸ್ಟೇಟ್ ಕಾಲ.

ಒಂದು ನೋಟದಲ್ಲಿ: ಯಾರಿಗೆ ಎಷ್ಟು ಕಪ್ (1988–2024)

- ನಾರ್ತ್ ಕೆರೊಲಿನಾ: 22 (1989–2003, 2005–2009, 2017, 2019)
- ಫ್ಲೋರಿಡಾ ಸ್ಟೇಟ್: 11 (2011, 2013–2016, 2018, 2020–2024)
- ವರ್ಜೀನಿಯಾ: 2 (2004, 2012)
- ನಾರ್ತ್ ಕೆರೊಲಿನಾ ಸ್ಟೇಟ್: 1 (1988)
- ವೇಕ್ ಫಾರೆಸ್ಟ್: 1 (2010)

37 ವರ್ಷ, ಕಪ್ ಮುಟ್ಟಿದ್ದು ಐದೇ ತಂಡ. ನವೆಂಬರ್‌ನಲ್ಲಿ ಮೊಬೈಲ್‌ನಲ್ಲಿ ಸ್ಕೋರ್ ನೋಡುವವರು ಒಂದು ವಿಷಯ ಗಮನಿಸಿ: ಎಸಿಸಿ ಫೈನಲ್‌ನಲ್ಲಿ ಸೋತ ತಂಡದ ಹೆಸರು ಕೆಲವೇ ದಿನಗಳಲ್ಲಿ 64ರ ಪಟ್ಟಿಯಲ್ಲಿ ಮತ್ತೆ ಕಾಣಬಹುದು. ಚಿಕ್ಕ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಸೋತವರ ಹೆಸರು ಬಹುತೇಕ ಮುಂದಿನ ಆಗಸ್ಟ್‌ವರೆಗೆ ಕಾಣಲ್ಲ.