ಕರಾರು ಬರೆಸಿಕೊಳ್ಳುವ ಸೈತಾನ

ಪಾತ್ರಾಭಿನಯದ ಆಟ ನಡೆಸುವವಳಾಗಿ ನನಗೆ ಹೊಡೆದಾಡುವ ರಾಕ್ಷಸನಿಗಿಂತ ಮಾತಾಡುವ ಸೈತಾನನೇ ಇಷ್ಟ. 1974ರಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಅಂಥ ಆಟಕ್ಕೆ 1976ರಲ್ಲಿ ಓರ್ಕಸ್, ಡೆಮೊಗಾರ್ಗನ್ ಎಂಬ ದೆವ್ವಗಳು ಬಂದವು, ಇವು ವಿಧ್ವಂಸಕ ಜಾತಿ. ಮರುವರ್ಷದ ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಪುಸ್ತಕ ತಂದ ಆಸ್ಮೋಡಿಯಸ್‌ನ ಬಳಗ ನಿಯಮಕ್ಕೆ ಕಟ್ಟುಬಿದ್ದ ದುಷ್ಟ ಸೈತಾನರದು. ಹಾಗಾಗಿ ಕರಾರು ಬರೆಸಿಕೊಳ್ಳಲು ತಕ್ಕ ಜಾತಿ. ಅಮೆರಿಕದಲ್ಲಿ ಧರ್ಮದ ಹೆಸರಿನ ಗದ್ದಲವೆದ್ದು 1989ರ ಎರಡನೇ ಆವೃತ್ತಿಯಿಂದ ದೆವ್ವ-ಸೈತಾನರ ಹೆಸರನ್ನೇ ಕೈಬಿಟ್ಟರು. 2000ದಲ್ಲಿ ಮರಳಿ ತಂದರು.

2023ರ ವಿಡಿಯೊ ಗೇಮ್ ‘ಬಾಲ್ಡರ್ಸ್ ಗೇಟ್ 3’ರ ಸೈತಾನ ರಾಫೆಲ್‌ನನ್ನು ನೋಡಿ. ತಲೆಯೊಳಗೆ ಹುಳು ಹೊತ್ತು ಸಾವಿಗೆ ಅಂಜಿದವರನ್ನು ತನ್ನ ಮನೆಗೆ ಕರೆದೊಯ್ದು, ಭೂರಿಭೋಜನದ ಮೇಜಿನೆದುರು ನಿಲ್ಲಿಸಿ, ನಯವಾಗಿ ಪರಿಹಾರದ ಮಾತೆತ್ತುತ್ತಾನೆ. ಅವಸರವಿಲ್ಲ; ಉಳಿದ ದಾರಿಗಳೆಲ್ಲ ಮುಚ್ಚಲೆಂದು ಕಾಯುತ್ತಾನೆ. ನನ್ನ ಆಟದಲ್ಲೂ ಅಷ್ಟೆ: ಪಾತ್ರದ ತಂಗಿ ಜ್ವರದಲ್ಲಿ ಬೇಯುತ್ತಿರುವ ರಾತ್ರಿಯೇ ಸೈತಾನ ಬಾಗಿಲು ತಟ್ಟಬೇಕು.